ವರದೆಯ ಖಾತೆ: ಮಲೆನಾಡಿನ ಕಾನು ಮತ್ತು ಹಾವೇರಿಯ ವ್ಯಾಪಾರ

ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಅಲ್ಲಿನ ಗಳಗೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ತಳಭಾಗವನ್ನು ನೆಲದತ್ತ ಅಗಲವಾಗುತ್ತ ಇಳಿಯುವ ಕಲ್ಲಿನ ಕಟ್ಟಡದಿಂದ ಭದ್ರಪಡಿಸಲಾಗಿದೆ. ಹೊಳೆದಂಡೆಯಲ್ಲಿ ಕಟ್ಟಿದವರು ಹೊಳೆಯನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದರೆಂದು ನೋಡಿದವರಿಗೆ ತೋರದಿರದು. ಅದೇ ಹೊಳೆಗಳ ನೀರನ್ನು ನಂಬಿ ನಿಂತಿರುವ ಇಂದಿನ ಹಾವೇರಿ ಜಿಲ್ಲೆಯ ವ್ಯಾಪಾರ ಮತ್ತು ಉದ್ದಿಮೆಗಳ ಕಿರ್ದಿ-ಖತಾವಣಿಯಲ್ಲಿ ಮಾತ್ರ ಹೊಳೆಗೆ ಯಾವ ಖಾತೆಯೂ ತೆರೆದಿಲ್ಲ.

ಸಂಗಮದಲ್ಲಿ ಸೇರುವ ಎರಡು ನದಿಗಳೂ ಮಲೆನಾಡಿನಿಂದಲೇ ಬರುತ್ತವೆಯಾದರೂ ಅವುಗಳ ಸ್ಥಿತಿ ಒಂದೇ ಅಲ್ಲ. ತುಂಗೆ ಮತ್ತು ಭದ್ರೆಗಳು ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಒಂದಾಗುವ ಮೊದಲು ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟೆಗಳಿವೆ. ಲಕ್ಕವಳ್ಳಿಯ ಜಲಾಶಯವೊಂದೇ 71.5 ಟಿಎಂಸಿ ನೀರನ್ನು ಹಿಡಿಯಬಲ್ಲದು. ಮಳೆ ಮಿತಿಮೀರಿದಾಗ ತಡೆದು, ಕೊರತೆಯಾದಾಗ ಬಿಡುವ ವ್ಯವಸ್ಥೆ ಆ ಕಡೆಗೆ ಸ್ವಲ್ಪವಾದರೂ ಇದೆ. ಸಾಗರ ತಾಲ್ಲೂಕಿನ ಇಕ್ಕೇರಿಯ ಬಳಿ ವರದಾಮೂಲದಲ್ಲಿ ಹುಟ್ಟಿ, ಸೊರಬ, ಬನವಾಸಿ, ಹಾನಗಲ್ಲ ಸೀಮೆಗಳನ್ನು ಹಾದು ಬರುವ ವರದೆಗೆ ಅಂಥ ದೊಡ್ಡ ಜಲಾಶಯ ಒಂದೂ ಇಲ್ಲ. ಇರುವವು ಬ್ಯಾರೇಜು ಮತ್ತು ಬಾಂದಾರಗಳು ಮಾತ್ರ. ಅವು ಹರಿದು ಬಂದ ನೀರನ್ನು ಕೆಲಕಾಲ ನಿಲ್ಲಿಸಬಲ್ಲವೇ ಹೊರತು ಒಂದು ಋತುವಿನ ಮಳೆಯನ್ನು ಇನ್ನೊಂದು ಋತುವಿಗೆ ಒಯ್ಯಲಾರವು.

ಹಾಗಾದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸುರಿದ ಮಳೆ ದೀಪಾವಳಿ ಕಳೆದ ಮೇಲೂ ಹೊಳೆಯಲ್ಲಿ ಹರಿಯುವುದು ಹೇಗೆ? ವರದೆಯ ಜಲಾಶಯ ಇರುವುದು ಮಣ್ಣಿನೊಳಗೆ. ಸಾಗರ ಮತ್ತು ಸೊರಬ ತಾಲ್ಲೂಕುಗಳ ಗುಡ್ಡಗಳ ಮೇಲಿನ ಕಾಡು ಮಳೆನೀರನ್ನು ಒಳಕ್ಕೆ ಇಳಿಸಿಕೊಂಡು, ಒರತೆಗಳ ಮೂಲಕ ನಿಧಾನವಾಗಿ ಬಿಟ್ಟುಕೊಡುತ್ತದೆ. ಆ ಸೀಮೆಯ ನಿತ್ಯಹಸುರಿನ ಕಾಡಿನ ತುಣುಕುಗಳಿಗೆ ಜನರು ಕೊಟ್ಟಿರುವ ಹೆಸರು ಕಾನು. ಹಲವು ಕಾನುಗಳಲ್ಲಿ ಊರಿನ ದೇವರ ಬನ ಇರುತ್ತದೆ. ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅಂಚಿನಲ್ಲಿ ಕೆರೆ, ಕೆರೆಯ ಕೆಳಗೆ ಅಡಿಕೆ ತೋಟ ಮತ್ತು ಗದ್ದೆ ಇರುತ್ತವೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ದಾಖಲಿಸಿದ್ದರು. ಕಾನು ಮತ್ತು ನೀರಿನ ಸಂಬಂಧವನ್ನು ಅರಿಯಲು ಆ ಊರುಗಳ ರೈತರಿಗೆ ಅಧಿಕಾರಿಗಳ ವರದಿ ಬೇಕಿರಲಿಲ್ಲವೆಂಬುದು ಬೇರೆ ಮಾತು.

ಈ ಸಂಗತಿ ವಾಣಿಜ್ಯ ಪತ್ರಿಕೆಯ ಪುಟಗಳಿಗೆ ಏಕೆ ಬರಬೇಕೆಂದು ಕೇಳುವವರು ಇರಬಹುದು. ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯ ಬಹುಭಾಗ ವರದಾ ತೀರದ ಬೆಳೆಯಲ್ಲ. ಅದು ಧಾರವಾಡ, ಗದಗ, ಬಳ್ಳಾರಿ, ರಾಯಚೂರುಗಳ ಎರೆಭೂಮಿಯಿಂದಲೂ ಆಂಧ್ರದಿಂದಲೂ ಬರುತ್ತದೆ. ಇದನ್ನು ಒಪ್ಪಿಕೊಂಡೇ ಮುಂದಿನ ಲೆಕ್ಕ ಹಾಕಬೇಕು. ಆದರೆ ಮಾರುಕಟ್ಟೆಯೆಂದರೆ ಆವಕ ಮತ್ತು ಧಾರಣೆಯಷ್ಟೇ ಅಲ್ಲ. ಪೇಟೆಯ ನಲ್ಲಿ, ಹಮಾಲರ ಮನೆಯ ಕೊಡ, ಪುಡಿ ಮಾಡುವ ಘಟಕ, ಬಣ್ಣದ ಸತ್ವ ತೆಗೆಯುವ ಕಾರ್ಖಾನೆ, ಶೀತಲಗೃಹಕ್ಕೆ ಬೇಕಾದ ನೀರು, ಇವೆಲ್ಲ ಈ ಹೊಳೆಗಳಿಗೂ ಅವುಗಳಿಂದ ಮರುಪೂರಣಗೊಳ್ಳುವ ಅಂತರ್ಜಲಕ್ಕೂ ಸೇರಿದವು. ರಾಣೆಬೆನ್ನೂರಿನ ಬಿತ್ತನೆ ಬೀಜದ ಉದ್ದಿಮೆಯ ಅವಲಂಬನೆ ಇನ್ನೂ ನೇರವಾದುದು. ಸಂಕರಣ ಬೀಜ ಬೆಳೆಯುವ ರೈತನಿಗೆ ಪರಾಗಸ್ಪರ್ಶದ ದಿನಗಳಲ್ಲಿ ಜಡಿಮಳೆ ಬಂದರೂ ನಷ್ಟ, ಕಾಯಿ ಬಲಿಯುವಾಗ ಕೊಳವೆಬಾವಿ ಬತ್ತಿದರೂ ನಷ್ಟ. ಆ ನಷ್ಟ ರೈತನ ಮನೆಯಲ್ಲಿಯೇ ನಿಲ್ಲುವುದಿಲ್ಲ. ಬೀಜದ ಕಂಪನಿಯ ಒಪ್ಪಂದಕ್ಕೆ, ಗೊಬ್ಬರದ ಅಂಗಡಿಯ ಉದ್ದರಿಗೆ, ಕೊನೆಗೆ ಬ್ಯಾಂಕಿನ ದುಡಿಯುವ ಬಂಡವಾಳದ ಸಾಲಕ್ಕೆ ಅದು ಹರಿದು ಬರುತ್ತದೆ.

2019ರ ಆಗಸ್ಟ್ ತಿಂಗಳನ್ನೂ 2023ರ ಮುಂಗಾರನ್ನೂ ಒಟ್ಟಿಗೆ ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. 2019ರಲ್ಲಿ ಮಲೆನಾಡಿನಲ್ಲಿ ಕೆಲವೇ ದಿನ ಸುರಿದ ಮಳೆಗೆ ವರದೆ ಉಕ್ಕಿ, ಹಾನಗಲ್ಲ, ಸವಣೂರು, ಹಾವೇರಿ ತಾಲ್ಲೂಕುಗಳ ಹೊಲಗಳೂ ಮನೆಗಳೂ ಜಲಾವೃತವಾದವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವು ಬರಪೀಡಿತವೆಂದು ಸಾರಬೇಕಾಯಿತು. ಹವಾಮಾನ ಬದಲಾವಣೆಯ ಕುರಿತು ವಿಜ್ಞಾನಿಗಳು ಹೇಳುತ್ತಿರುವುದು ಇದನ್ನೇ: ವರ್ಷದ ಒಟ್ಟು ಮಳೆ ಹೆಚ್ಚೇನೂ ಬದಲಾಗದೆ ಇರಬಹುದು, ಆದರೆ ಅದು ಬೀಳುವ ರೀತಿ ಬದಲಾಗುತ್ತದೆ. ಮಧ್ಯ ಭಾರತದ ಪಟ್ಟಿಯಲ್ಲಿ ವಿಸ್ತಾರವಾಗಿ ಬೀಳುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾದುವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಹಾವೇರಿಯ ಅಂಕಿಯಲ್ಲ. ಆದರೆ ಗಾಳಿ ಬೀಸುತ್ತಿರುವ ದಿಕ್ಕು ಅದರಿಂದ ತಿಳಿಯುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ವರ್ಷದ ವಹಿವಾಟು ಅಷ್ಟೇ, ಆದರೆ ಎಲ್ಲ ಜಮೆಯೂ ಹತ್ತು ದಿನಗಳಲ್ಲಿ ಬಂದು ಉಳಿದ ದಿನಗಳಲ್ಲಿ ಬರೀ ಖರ್ಚು. ಅಂಥ ಅಂಗಡಿಯ ಮಾಲೀಕನಿಗೆ ಬೇಕಾದುದು ದೊಡ್ಡ ತಿಜೋರಿ. ವರದೆಗೆ ಆ ತಿಜೋರಿ ಕಾನು.

ಆ ತಿಜೋರಿಗೆ ಆಗಿರುವ ಸವಕಳಿಯನ್ನು ಯಾರೂ ಬರೆದಿಟ್ಟಿಲ್ಲ. ಕೆಳಗಿನ ತುಂಗಭದ್ರಾ ಜಲಾಶಯದ ಸವಕಳಿಗಾದರೂ ಅಳತೆಯಿದೆ: 1953ರಲ್ಲಿ 133 ಟಿಎಂಸಿ ಇದ್ದ ಅದರ ಸಾಮರ್ಥ್ಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳೆಲ್ಲ ಮಲೆನಾಡಿನದೆಂದು ಹೇಳಲಾಗದು, ಗಣಿಗಳ ಪಾಲೂ ಅದರಲ್ಲಿದೆ. ಆದರೆ ಮೇಲಿನ ನೆಲದ ಮಣ್ಣು ಸಡಿಲವಾದರೆ ಕೆಳಗಿನವರ ಆಸ್ತಿ ಕರಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕಪತ್ರ ಬೇಕಿಲ್ಲ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಾಗ ರಫ್ತಿನ ಆದಾಯ ಹೋಯಿತೆಂದು ಮರುಗಿದವರು ಅನೇಕರು. ಹೊಳೆಗೆ ಉಳಿದ ಮಣ್ಣಿನ ಲೆಕ್ಕ ತೆಗೆದವರು ಕೆಲವರೇ.

ಕಾನುಗಳ ನಷ್ಟಕ್ಕೆ ಕಾರಣ ಒಂದಲ್ಲ. ಒತ್ತುವರಿ ಇದೆ, ಶುಂಠಿ ಬೆಳೆಗಾಗಿ ಬೋಳಿಸಿದ್ದು ಇದೆ, ಬೇಸಿಗೆಯ ಬೆಂಕಿ ಇದೆ. ಹಲವು ಕಾನುಗಳು ಅರಣ್ಯ ಇಲಾಖೆಯ ವಶಕ್ಕೆ ಬಾರದೆ ಕಂದಾಯ ದಾಖಲೆಗಳಲ್ಲಿಯೇ ಉಳಿದು ಎರಡೂ ಇಲಾಖೆಗಳ ನಡುವೆ ಅನಾಥವಾದದ್ದೂ ಇದೆ. ಇವೆಲ್ಲಕ್ಕೂ ಸರ್ಕಾರವನ್ನೋ ರೈತನನ್ನೋ ದೂರುವುದು ಸುಲಭ. ಆದರೆ ಇನ್ನೊಂದು ಕಾರಣದಲ್ಲಿ ಉದ್ದಿಮೆಯ ಪಾಲು ನೇರವಾಗಿಯೇ ಇದೆ. ಅದು ತಿರುಳಿನ ಕಾರ್ಖಾನೆಗಳಿಗಾಗಿ ಬೆಳೆಸಿದ ಏಕಜಾತಿ ನೆಡುತೋಪು.

ಈ ಕಥೆಯ ಒಂದು ಮುಖ್ಯ ಅಧ್ಯಾಯ ಹಾವೇರಿ ಜಿಲ್ಲೆಯಲ್ಲಿಯೇ ನಡೆಯಿತು. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ತುಂಗಭದ್ರೆಯ ದಂಡೆಯ ಹರಿಹರ ಪಾಲಿಫೈಬರ್ಸ್ ಸಂಸ್ಥೆಗಳ ನಡುವೆ ಒಪ್ಪಂದವಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ರೂಪುಗೊಂಡಿತು. ನೀಲಗಿರಿ ಮೊದಲಾದ ತಿರುಳಿನ ಮರ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಅದಕ್ಕೆ ಒದಗಿಸುವ ಯೋಜನೆಯಾಗಿತ್ತು. ಕಾಗದದ ಮೇಲೆ ಅದು ಪಾಳುಭೂಮಿ; ಹಳ್ಳಿಗರಿಗೆ ಅದು ದನದ ಮೇವು, ಉರುವಲು, ಗೊಬ್ಬರದ ಸೊಪ್ಪು. ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರೊಡನೆ ಇದನ್ನು ವಿರೋಧಿಸಿತು, ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿದಾರರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಆಗ ಜಿಲ್ಲೆಯ ವರ್ತಕ ಸಮುದಾಯದಲ್ಲಿ ಅನೇಕರು ಕಾರ್ಖಾನೆಯ ಪರವಾಗಿದ್ದರೆಂದರೆ ಆಶ್ಚರ್ಯವಿಲ್ಲ. ಕಾರ್ಖಾನೆಯು ಉದ್ಯೋಗವನ್ನೂ ಸಾಗಾಣಿಕೆಯ ವ್ಯವಹಾರವನ್ನೂ ಕೊಡುತ್ತಿತ್ತು, ಕಚ್ಚಾಮಾಲಿಲ್ಲದೆ ಕಾರ್ಖಾನೆ ನಡೆಯದು. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಒಂದು ಉದ್ದಿಮೆಯ ಕಚ್ಚಾಮಾಲಿನ ಬೆಲೆಯನ್ನು ಕಡಿಮೆ ಇಡಲು ನೂರು ಉದ್ದಿಮೆಗಳ ನೀರಿನ ಬೆಲೆ ಏರಿದರೆ ಅದನ್ನು ಲಾಭವೆಂದು ಬರೆಯಲು ಯಾವ ಲೆಕ್ಕಪರಿಶೋಧಕನೂ ಒಪ್ಪಬಾರದು.

ಕುಸನೂರಿನ ನೀಲಗಿರಿ ನಿಂತರೂ ಘಟ್ಟದ ಅಕೇಶಿಯಾ ನಿಲ್ಲಲಿಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ ಮಲೆನಾಡಿನ ಅರಣ್ಯಭೂಮಿಯನ್ನು ಗುತ್ತಿಗೆಗೆ ಕೊಟ್ಟು ಬೆಳೆಸಿದ ನೆಡುತೋಪುಗಳು ಸಾವಿರಾರು ಹೆಕ್ಟೇರುಗಳಲ್ಲಿ ಹಬ್ಬಿದವು. 2015ರಲ್ಲಿ ಕಾರ್ಖಾನೆಯೇ ನಿಂತಿತು. ಗುತ್ತಿಗೆಯ ಅವಧಿ 2020ರಲ್ಲಿ ಮುಗಿದಾಗ ಸುಮಾರು 20 ಸಾವಿರ ಹೆಕ್ಟೇರನ್ನು ಮತ್ತೆ 40 ವರ್ಷಗಳಿಗೆ ಮುಂದುವರಿಸಲು ಸರ್ಕಾರ ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗ ಜಿಲ್ಲೆಯಲ್ಲಿ ಚಳವಳಿಯೇ ನಡೆಯಿತು. ಯಂತ್ರ ನಿಂತ ಕಾರ್ಖಾನೆಗೆ ಕಚ್ಚಾಮಾಲಿನ ಗುತ್ತಿಗೆಯನ್ನು ನಾಲ್ಕು ದಶಕ ಮುಂದುವರಿಸುವುದು ಎಂಥ ವಾಣಿಜ್ಯವೆಂದು ಆಗ ವಾಣಿಜ್ಯ ಸಂಸ್ಥೆಗಳು ಕೇಳಬಹುದಿತ್ತು.

ಅಕೇಶಿಯಾ ಸಹ ಮರವೇ ಅಲ್ಲವೇ, ಬೋಳು ಗುಡ್ಡಕ್ಕಿಂತ ಅದು ವಾಸಿಯಲ್ಲವೇ ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಉತ್ತರ ಕನ್ನಡದ ಘಟ್ಟಗಳಲ್ಲಿ ಜಲವಿಜ್ಞಾನಿಗಳು ನಡೆಸಿದ ಅಳತೆಗಳು ಇದಕ್ಕೆ ಉತ್ತರ ಕೊಡುತ್ತವೆ. ಸಹಜ ಕಾಡಿನ ಮಣ್ಣು ಜೋರುಮಳೆಯನ್ನು ಹೆಚ್ಚಾಗಿ ಒಳಗಿಳಿಸಿಕೊಳ್ಳುತ್ತದೆ. ಕಾಡು ಹಾಳಾಗಿ ನೆಲ ತುಳಿದು ಗಟ್ಟಿಯಾದಲ್ಲಿ ಆ ಗುಣ ಬಹಳವಾಗಿ ಕುಗ್ಗುತ್ತದೆ. ಅಲ್ಲಿ ಅಕೇಶಿಯಾ ನೆಟ್ಟು ವರ್ಷಗಳು ಕಳೆದರೂ ಸಹಜ ಕಾಡಿನ ಗುಣ ಪೂರ್ತಿಯಾಗಿ ಮರಳುವುದಿಲ್ಲ. ವೇಗವಾಗಿ ಬೆಳೆಯುವ ಮರ ತಾನೇ ನೀರನ್ನೂ ಕುಡಿಯುತ್ತದೆ. ಬೇಗ ಕೊಳೆಯದ ಅದರ ದಪ್ಪ ಎಲೆಯ ಹಾಸು ಬೇಸಿಗೆಯಲ್ಲಿ ಬೆಂಕಿಗೆ ಉರುವಲಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಇಡೀ ತೋಪನ್ನು ಕಡಿದಾಗ ಗುಡ್ಡದ ಇಳಿಜಾರು ಒಂದು ಮಳೆಗಾಲ ಬರಿಮೈಯಾಗಿ ನಿಲ್ಲುತ್ತದೆ. ಹಾಗೆಂದು ಕಾಡಿದ್ದರೆ ನೆರೆಯೇ ಬಾರದೆಂದು ನಂಬುವುದೂ ತಪ್ಪು. ನಾಲ್ಕು ದಿನ ಎಡೆಬಿಡದೆ ಸುರಿದರೆ ಯಾವ ಕಾಡಿನ ಮಣ್ಣೂ ತುಂಬಿಹೋಗುತ್ತದೆ. ಕಾಡು ಮಾಡುವುದು ಸಾಧಾರಣ ಮಳೆಯ ನೆರೆಯನ್ನು ತಗ್ಗಿಸುವುದು, ಮಣ್ಣನ್ನು ಹಿಡಿಯುವುದು, ಹಿಂಗಾರಿನ ನಂತರವೂ ಹೊಳೆಯಲ್ಲಿ ನೀರು ಉಳಿಸುವುದು.

ಇಲ್ಲಿಯೇ ಇನ್ನೊಂದು ಎಚ್ಚರಿಕೆ ಅಗತ್ಯ. ಇಂಗಾಲದ ಕ್ರೆಡಿಟ್, ಹಸಿರು ಕ್ರೆಡಿಟ್ ಎಂಬ ಮಾತುಗಳು ಉದ್ದಿಮೆ ವಲಯದಲ್ಲಿ ಈಗ ಹೆಚ್ಚು ಕೇಳಿಬರುತ್ತಿವೆ. ಕೇಂದ್ರ ಸರ್ಕಾರವು 2023ರ ಅಕ್ಟೋಬರಿನಲ್ಲಿ ಹಸಿರು ಕ್ರೆಡಿಟ್ ನಿಯಮಗಳನ್ನು ಹೊರಡಿಸಿತು. 2024ರಲ್ಲಿ ಬಂದ ಅದರ ಗಿಡ ನೆಡುವ ವಿಧಾನವು ಹೆಕ್ಟೇರಿಗೆ ಕನಿಷ್ಠ 1,100 ಗಿಡಗಳೆಂದು ಎಣಿಕೆ ಹಾಕಿತ್ತು. ಮರುವರ್ಷವೇ ಅದನ್ನು ಪರಿಷ್ಕರಿಸಬೇಕಾಯಿತು. ಗಿಡಗಳ ತಲೆಯೆಣಿಕೆಗೆ ಹಣ ಸಂದರೆ ಬೇಗ ಬೆಳೆಯುವ ಒಂದೇ ಜಾತಿಯ ಗಿಡ ನೆಡುವವರೇ ಹೆಚ್ಚಾಗುತ್ತಾರೆ. ವಾತಾವರಣದ ಇಂಗಾಲವನ್ನು ಹೀರಿಸುವುದು ಒಂದು ಕೆಲಸ. ಬದಲಾದ ಮಳೆಗೆ ಹೊಂದಿಕೊಳ್ಳುವಂತೆ ಘಟ್ಟದ ಕಾಡನ್ನು ನಿರ್ವಹಿಸುವುದು ಇನ್ನೊಂದು. ಹಾವೇರಿಗೆ ಬೇಕಾಗಿರುವುದು ಎರಡನೆಯದು.

ವರದೆಯ ನೀರಿನ ಪ್ರಶ್ನೆ ಬಂದಾಗಲೆಲ್ಲ ಜಿಲ್ಲೆಯಲ್ಲಿ ಕೇಳಿಬರುವ ಬೇಡಿಕೆ ಬೇಡ್ತಿ-ವರದಾ ಜೋಡಣೆ. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ಉತ್ತರ ಕನ್ನಡದಲ್ಲಿ ತಡೆದು ವರದೆಗೆ ತಿರುಗಿಸುವ ಈ ಯೋಜನೆಗೆ ಹಾವೇರಿ ಭಾಗದ ಬೆಂಬಲ ಎಷ್ಟಿದೆಯೋ ಶಿರಸಿ ಭಾಗದ ವಿರೋಧವೂ ಅಷ್ಟೇ ಇದೆ. ನೀರಿಲ್ಲದವರ ಬೇಡಿಕೆಯನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಆದರೆ ಆ ಯೋಜನೆಯಲ್ಲಿ ಮುಳುಗುವುದೂ ಕಡಿಯಲ್ಪಡುವುದೂ ಘಟ್ಟದ ಕಾಡೇ. ವರದೆಯ ಸ್ವಂತ ಜಲಾನಯನದ ಕಾನುಗಳ ಗಡಿಯನ್ನೇ ಗುರುತಿಸಿ ಮುಗಿಸದೆ ಇನ್ನೊಂದು ನದಿಯ ಕಾಡನ್ನು ಮುಳುಗಿಸಿ ನೀರು ತರುವುದು, ತನ್ನ ಗೋದಾಮಿನ ಚಾವಣಿ ಸೋರುತ್ತಿರುವಾಗ ನೆರೆಯವನ ಗೋದಾಮನ್ನು ಬಾಡಿಗೆಗೆ ಹಿಡಿದಂತೆ. ಮೊದಲು ಚಾವಣಿಯ ಖರ್ಚಿನ ಅಂದಾಜು ಆಗಬೇಕು. ಅದಕ್ಕೆ ತಗಲುವ ಹಣ ಜೋಡಣೆಯ ವೆಚ್ಚದ ಒಂದು ಸಣ್ಣ ಭಾಗವಾದರೂ ಆದೀತೇ ಎಂಬುದನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ರಸ್ತೆಯ ವಿಷಯವನ್ನೂ ಮರೆಯುವಂತಿಲ್ಲ. ಹಾವೇರಿಯಿಂದ ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಹೋಗುವ ಹೆದ್ದಾರಿ ಅಗಲವಾಗಲೆಂದು ವರ್ತಕರು ಬಹುಕಾಲದಿಂದ ಬಯಸಿದ್ದರು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಭಾರಿ ವಾಹನಗಳು ಸುತ್ತಿ ಹೋಗಬೇಕಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಜೀವಹಾನಿಯಾದ ಸ್ಥಳದಲ್ಲಿ ಹೆದ್ದಾರಿಯ ಅಗಲೀಕರಣಕ್ಕಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಲಾಗಿತ್ತು. ಬಂದರಿಗೆ ಹೋಗುವ ಲಾರಿ ಎರಡು ದಿನ ತಡವಾದರೆ ಆಗುವ ನಷ್ಟವನ್ನು ಬಲ್ಲವರು, ಘಾಟಿಯ ರಸ್ತೆಯ ಅಂದಾಜಿನಲ್ಲಿ ಇಳಿಜಾರಿನ ಕಾಡಿಗೂ ಚರಂಡಿಗೂ ಹಣ ಇಡಿಸುವಂತೆ ಒತ್ತಾಯಿಸುವುದು ಉಚಿತ.

ಕೆಳಗಿನವರು ಮೇಲಿನವರಿಗೆ ಹಣ ಕೊಡುವ ಪದ್ಧತಿ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1868ರ ದೊಡ್ಡ ನೆರೆಯ ತರುವಾಯ 1876ರಲ್ಲಿ ಪರ್ವತಾರಣ್ಯಗಳ ರಕ್ಷಣೆಯ ಕಾನೂನು ಬಂತು. ನೆರೆ ಕಂಡ ತಗ್ಗಿನ ಊರುಗಳ ಅನುಭವವೇ ಅದಕ್ಕೆ ಕಾರಣ. ನ್ಯೂಯಾರ್ಕ್ ನಗರವು 1997ರಲ್ಲಿ ತನ್ನ ಕುಡಿಯುವ ನೀರಿನ ಮೂಲವಾದ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರೊಡನೆಯೂ ಊರುಗಳೊಡನೆಯೂ ಒಪ್ಪಂದ ಮಾಡಿಕೊಂಡಿತು. ನೀರು ಸೋಸುವ ಸ್ಥಾವರಕ್ಕೆ ತಗಲುತ್ತಿದ್ದ 600ರಿಂದ 800 ಕೋಟಿ ಡಾಲರುಗಳ ಬದಲು ಸುಮಾರು 150 ಕೋಟಿ ಡಾಲರುಗಳನ್ನು ಬೆಟ್ಟದ ಭೂಮಿಯ ನಿರ್ವಹಣೆಗೆ ತೊಡಗಿಸುವುದು ಲಾಭಕರವೆಂದು ಅದರ ಲೆಕ್ಕಿಗರು ಕಂಡುಕೊಂಡರು. ನಮ್ಮಲ್ಲಿಯೂ 15ನೆಯ ಹಣಕಾಸು ಆಯೋಗವು ರಾಜ್ಯಗಳಿಗೆ ತೆರಿಗೆ ಹಂಚುವಾಗ ಕಾಡು ಮತ್ತು ಪರಿಸರಕ್ಕೆ ಶೇಕಡಾ 10ರ ತೂಕ ಕೊಟ್ಟಿತು. ಕಾಡಿರುವ ಕಾರಣಕ್ಕೆ ಬೆಂಗಳೂರಿಗೆ ಬಂದ ಹಣದಲ್ಲಿ ಸೊರಬದ ಕಾನಿನ ಬೇಲಿಗೆ ತಲುಪಿದ್ದೆಷ್ಟು ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವವರಿಗಿದೆ.

ಸಾಗರ, ಸೊರಬದ ರೈತರಿಗೆ ಕಾನನ್ನು ಉಳಿಸಿರೆಂದು ಉಪದೇಶ ಮಾಡಿ ಹಾವೇರಿಯವರು ಸುಮ್ಮನೆ ಕೂರುವಂತಿಲ್ಲ. ಕಾನಿನಿಂದ ಅವರಿಗೆ ಆದಾಯ ಬಂದರೆ ಕಾನು ಉಳಿಯುತ್ತದೆ. ಕಾಳುಮೆಣಸು, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ ಇವೆಲ್ಲ ಅಲ್ಲಿನ ಉತ್ಪನ್ನಗಳು. ಸಾಂಬಾರ ಪದಾರ್ಥದ ಖರೀದಿ, ಗ್ರೇಡಿಂಗ್, ದಾಸ್ತಾನುಗಳಲ್ಲಿ ಬ್ಯಾಡಗಿಯಷ್ಟು ಅನುಭವವುಳ್ಳ ಪೇಟೆ ಹತ್ತಿರದಲ್ಲಿ ಇನ್ನೊಂದಿಲ್ಲ. ಗ್ರಾಮ ಅರಣ್ಯ ಸಮಿತಿಗಳಿಂದ ಈ ಉತ್ಪನ್ನಗಳನ್ನು ನ್ಯಾಯವಾದ ಧಾರಣೆಗೆ ಕೊಳ್ಳುವ ವ್ಯವಸ್ಥೆ ಧರ್ಮಕಾರ್ಯವಲ್ಲ, ವ್ಯಾಪಾರ. ಆದರೆ ಜಾಗ್ರತೆ ಬೇಕು: 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಕ್ಕೆಂದು ಉಪ್ಪಾಗೆ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂದು ಬೆಲೆ ಏರಿದಾಗ ಕಾಯಿ ಬಲಿಯುವ ಮುನ್ನವೇ ಕೊಯ್ದವರೂ ಕೊಂಬೆಗಳನ್ನೇ ಕಡಿದವರೂ ಇದ್ದರು. ಖರೀದಿದಾರನೇ ಹಣ್ಣಾದ ಮಾಲನ್ನು ಮಾತ್ರ ಕೊಳ್ಳುವೆನೆಂದು ಷರತ್ತು ಹಾಕಿದರೆ ಅರಣ್ಯ ರಕ್ಷಕನಿಂದ ಆಗದ ಕೆಲಸ ಆಗುತ್ತದೆ.

ಹಣದ ಮಾತು. ಹೊಸ ಸೆಸ್ ಎಂದರೆ ವರ್ತಕರು ಸಿಡಿದೇಳುವುದು ಸಹಜ, ಅದು ಬೇಕಾಗಿಯೂ ಇಲ್ಲ. ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ದೊಡ್ಡ ಕಂಪನಿಗಳಿಗೆ ಅನ್ವಯಿಸುವುದೇ ಹೊರತು ಅಡತಿ ಅಂಗಡಿಗಳಿಗೂ ಜಿನ್ನಿಂಗ್ ಗಿರಣಿಗಳಿಗೂ ಅಲ್ಲ. ಆದರೆ ಪೇಟೆಗಳಲ್ಲಿ ಬಹು ಹಿಂದಿನಿಂದ ಧರ್ಮಾದಾಯವೆಂಬ ಪದ್ಧತಿ ನಡೆದು ಬಂದಿದೆ. ಚೀಲಕ್ಕೆ ಇಷ್ಟೆಂದು ತೆಗೆದಿಟ್ಟ ಹಣದಿಂದ ಗುಡಿ, ಛತ್ರ, ಪಾಠಶಾಲೆ, ಕೆರೆಗಳು ಆಗಿವೆ. ಧರ್ಮಾದಾಯವೆಂದು ಪ್ರತ್ಯೇಕವಾಗಿ ಸಂಗ್ರಹಿಸಿದ ಹಣ ವರ್ತಕನ ಆದಾಯವಲ್ಲವೆಂದು 1979ರಲ್ಲಿ ಸುಪ್ರೀಂ ಕೋರ್ಟು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಲೆಕ್ಕ ಪ್ರತ್ಯೇಕವಾಗಿರಬೇಕು, ವಿನಿಯೋಗ ಉದ್ದೇಶಕ್ಕೇ ಆಗಬೇಕು, ಜಿಎಸ್‌ಟಿಯ ದೃಷ್ಟಿಯಿಂದ ಮೊದಲೇ ಸಲಹೆ ಪಡೆಯಬೇಕು. ಸುಗ್ಗಿಯಲ್ಲಿ ಬ್ಯಾಡಗಿಗೆ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಆವಕವಾಗುತ್ತದೆ. ಚೀಲಕ್ಕೆ ಒಂದು ರೂಪಾಯಿ ಎಂದರೂ ಒಂದು ದಿನಕ್ಕೆ ಒಂದು ಲಕ್ಷ ರೂಪಾಯಿ. ಅದು ಖರೀದಿದಾರರಿಂದ ಬರಬೇಕೇ ಹೊರತು ರೈತನ ಪಟ್ಟಿಯಲ್ಲಿ ಕಳೆಯಬಾರದು; ಹಾಗೆ ಕಳೆದರೆ ಧರ್ಮಾದಾಯವೆಂಬ ಹೆಸರೇ ಅದಕ್ಕೆ ಸಲ್ಲದು.

ಆ ಹಣದಿಂದ ಕಾಡು ಬೆಳೆಸಲಾಗದು, ಬೆಳೆಸಬೇಕಾಗಿಯೂ ಇಲ್ಲ, ಕಾಡು ಸರ್ಕಾರದ್ದು. ಕೆಲವು ಕಾನುಗಳ ಸರ್ವೆಗೆ, ಬೇಸಿಗೆಯಲ್ಲಿ ಬೆಂಕಿ ಕಾಯುವ ಊರ ಹುಡುಗರ ಕೂಲಿಗೆ, ಹಳ್ಳಗಳ ನೀರಿನ ಅಳತೆಗೆ ಅದು ಸಾಕು. ಹೆಚ್ಚಿನ ಕೆಲಸ ಅರ್ಜಿಯದು. ಅರಣ್ಯ ವಿಭಾಗಗಳ ಕಾರ್ಯಯೋಜನೆಗಳು ಹತ್ತು ವರ್ಷಗಳಿಗೊಮ್ಮೆ ಆಗುತ್ತವೆ. ಯಾವ ಗುಡ್ಡದ ಅಕೇಶಿಯಾ ಕಡಿಯಬೇಕು, ಕಡಿದಲ್ಲಿ ಮತ್ತೆ ಅದನ್ನೇ ನೆಡಬೇಕೇ, ಅಥವಾ ಅದರಡಿಯಲ್ಲಿ ತಾನಾಗಿ ಎದ್ದಿರುವ ಮತ್ತಿ, ನೇರಳೆ, ಹೊನ್ನೆ ಸಸಿಗಳನ್ನು ಉಳಿಸಿಕೊಳ್ಳಬೇಕೇ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಇಳಿಜಾರಿನಲ್ಲಿ ಒಮ್ಮೆಗೇ ಬೋಳಿಸದೆ ಪಟ್ಟಿ ಪಟ್ಟಿಯಾಗಿ, ವರ್ಷಗಳ ಅಂತರದಲ್ಲಿ ತೆಗೆಯಬೇಕೆಂದು ಕೇಳಲು ತಾಂತ್ರಿಕ ಪದವಿ ಬೇಕಿಲ್ಲ. ಟಿಂಬರ್ ವ್ಯಾಪಾರಿಗಳೂ ಕಾಗದದ ಕಾರ್ಖಾನೆಗಳೂ ಇಂಥ ಯೋಜನೆಗಳ ವಿಷಯದಲ್ಲಿ ತಮ್ಮ ಹಿತವನ್ನು ತಪ್ಪದೆ ಹೇಳಿಕೊಂಡು ಬಂದಿದ್ದಾರೆ. ಹೊಳೆಯ ಕೆಳಗಿನ ನೂರಾರು ಸಣ್ಣ ಉದ್ದಿಮೆದಾರರ ಪರವಾಗಿ ಹಾವೇರಿಯಿಂದ ಒಂದು ಮನವಿ ಹೋಗಲು ಅಡ್ಡಿಯೇನು?

ಜಿಲ್ಲೆಯ ವರ್ತಕರ ಅಧ್ಯಯನ ಪ್ರವಾಸಗಳು ಸಾಮಾನ್ಯವಾಗಿ ದೂರದ ಮಾರುಕಟ್ಟೆಗಳಿಗೂ ಕೈಗಾರಿಕಾ ಮೇಳಗಳಿಗೂ ಹೋಗುತ್ತವೆ. ವರದಾಮೂಲ ಹಾವೇರಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳುವಷ್ಟು ದೂರದಲ್ಲಿದೆ. ಮಾರ್ಚ್ ತಿಂಗಳಲ್ಲಿ ಹೋದರೆ ಅಕೇಶಿಯಾ ತೋಪಿನ ಒಣ ಎಲೆಯ ಹಾಸನ್ನೂ ಕಾನಿನ ಅಂಚಿನ ಒರತೆಯನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.